ನಕ್ಷಾ ಬಾಯಾರು ಬರೆದ ಬ್ಯಾಂಕು

ಹೋದ ತಿಂಗಳು ದೋರನಹಳ್ಳಿಯಲ್ಲಿ, ತೀರಿಕೊಂಡ ಬಾಯಾರ ನೆನಪಿಗೆ ಪುಣ್ಯಾನುಮೋದನೆ ಇತ್ತು. ಬುದ್ಧವಂದನೆ ಮುಗಿದ ಮೇಲೆ ನಾಲ್ಕಾರು ಮಂದಿ ಎದ್ದು ಮಾತಾಡಿದರು. ಕಾಲುವೆ ಆಫೀಸಿನಲ್ಲಿ ಅವರು ಮೂವತ್ತು ವರ್ಷಕ್ಕೂ ಮೇಲೆ ದುಡಿದದ್ದು, ಒಂದು ದಿನವೂ ತಡವಾಗಿ ಬಾರದ್ದು, ತಮ್ಮ ಓಣಿಯ ಹುಡುಗಿಯರನ್ನು ಹಿಡಿದು ಹಿಡಿದು ಶಾಲೆಗೆ ಹಚ್ಚಿದ್ದು ಎಲ್ಲ ಬಂತು. ಬ್ಯಾಂಕಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬರುವುದಾದರೂ ಹೇಗೆ? ಅದನ್ನು ಕಣ್ಣಾರೆ ಕಂಡವರಲ್ಲಿ ಆ ಪೆಂಡಾಲಿನೊಳಗೆ ಕೂತಿದ್ದವನು ನಾನೊಬ್ಬನೇ. ನನ್ನನ್ನೂ ಮಾತಾಡೆಂದರು. ಎದ್ದು ನಿಂತೆ. ಕೈಮುಗಿದು ಕೂತುಬಿಟ್ಟೆ. ಆವತ್ತು ಆಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಅವರನ್ನು ಹೆಸರು ಹಿಡಿದು ಕರೆದವರು ನಮ್ಮ ಕಡೆ ಕಡಿಮೆ. ಎಲ್ಲರಿಗೂ ಅವರು ನಕ್ಷಾ ಬಾಯಾರು. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿ ಟ್ರೇಸರ್ ಆಗಿದ್ದರು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ಗೆರೆಯ ಮೇಲೆ ಗೆರೆ ಕೂಡಿಸಿ ಕರಿ ಶಾಯಿಯಲ್ಲಿ ತಿದ್ದುವುದು ಆ ಕೆಲಸ. ಗೆರೆ ತಪ್ಪಿದರೆ ರಬ್ಬರಿಗೆ ಅಳಿಯುವುದಿಲ್ಲ. ಅರ್ಧ ಮುರಿದ ದಾಡಿ ಬ್ಲೇಡಿನಿಂದ ಹಗುರಾಗಿ ಕೆರೆಯಬೇಕು. ಅದಕ್ಕೇ ಅವರ ಬಲಗೈ ಹೆಬ್ಬೆರಳ ತುಂಬ ಸಣ್ಣ ಸಣ್ಣ ಗಾಯದ ಗೀಟುಗಳು, ಗೀಟಿನೊಳಗೆಲ್ಲ ಶಾಯಿ. ಅವರ ಅವ್ವ ಅದೇ ಕಾಲುವೆಯ ಅಗೆತದಲ್ಲಿ ಬುಟ್ಟಿ ಹೊತ್ತಾಕೆ. "ನಮ್ಮವ್ವ ಮಣ್ಣು ಹೊತ್ತಳು, ನಾ ಗೆರಿ ಹೊತ್ತೆ. ಕಾಲುವಿ ಒಂದ ನೋಡ್ರಿ," ಎಂದು ಒಮ್ಮೆ ಹೇಳಿದ್ದರು. ಹೇಳುವಾಗ ಕತ್ತು ಸ್ವಲ್ಪ ಮೇಲೆ ಹೋಗಿತ್ತು.

ನಾನು ಸುರಪುರದವನು. ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಶಹಾಪುರ ತಾಲೂಕಿನ ಒಂದು ಹಳ್ಳಿಯ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದೆ. ಬ್ಯಾಂಕು ನಡೆಯುತ್ತಿದ್ದದ್ದು ಬಾಡಿಗೆಗೆ ಹಿಡಿದ, ದಲ್ಲಾಳಿಯೊಬ್ಬರ ಹಳೆ ಅಡತಿ ಅಂಗಡಿಯಲ್ಲಿ. ತಗಡಿನ ಮಾಡು. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೇ ತಗಡು ಕಾದು, ಒಳಗೆ ಕೂತವರ ನೆತ್ತಿ ಸುಡುತ್ತಿತ್ತು. ಸ್ಟ್ಯಾಂಪ್ ಪ್ಯಾಡಿನ ಶಾಯಿ ಒಣಗಿ ಮುದ್ರೆ ಮೂಡುತ್ತಿರಲಿಲ್ಲ. ಗಿರಾಕಿಗಳು ಹೊರಗೆ ಬಿಸಿಲಲ್ಲೇ ಸಾಲು ನಿಲ್ಲಬೇಕು.

ಒಂದು ದಿನ ಬಾಯಾರು ಅವ್ವನ ಪಾಸ್‌ಬುಕ್ಕು ಹಿಡಿದುಕೊಂಡು ಬಂದರು. ಗಿಡ್ಡ ಆಳು, ನೂಲಿನ ಸೀರೆ, ಹೆಗಲಲ್ಲಿ ಒಂದು ಖಾದಿ ಚೀಲ. ಸರದಿ ಬರುವವರೆಗೆ ಹೊರಗೆ ಸುಮ್ಮನೆ ನಿಲ್ಲದೆ, ಒಳಗೆ ಬಂದು, ನನ್ನ ಬೆನ್ನ ಹಿಂದಿನ ಗೋಡೆಗೆ ಅಂಗೈ ಮಗುಚಿ, ಹಿಂಬದಿಯಿಂದ ಮುಟ್ಟಿ ನೋಡಿದರು, ಮಕ್ಕಳ ಜ್ವರ ನೋಡಿದಂತೆ.

"ಅಣ್ಣಾರ, ಈ ಬಿರುಕು ಎಂದಿನಿಂದ ಅದ?"

"ಹೋದ ಮಳಿಗಾಲದಿಂದ್ರಿ."

"ಒಂದ್ ತುಕಡಾ ಗಾಜು ಸಿಗ್ತದೇನ್ರಿ ನಿಮ್ಮಲ್ಲಿ?"

ಒಡೆದ ಫೋಟೊ ಚೌಕಟ್ಟಿನ ಗಾಜೊಂದು ಮೂಲೆಯಲ್ಲಿ ಬಿದ್ದಿತ್ತು. ಅದರಿಂದ ಬೆರಳುದ್ದದ ಚೂರು ಆರಿಸಿಕೊಂಡರು. ಪಕ್ಕದ ಮನೆಯಲ್ಲಿ ಕಟ್ಟುವ ಕೆಲಸ ನಡೆದಿತ್ತು. ಅಲ್ಲಿಂದ ಒಂದು ಮುಷ್ಟಿ ಸಿಮೆಂಟು ತಂದು ಕಲಸಿ, ಗಾಜಿನ ಒಂದು ತುದಿ ಬಿರುಕಿನ ಈಚೆಗೆ, ಇನ್ನೊಂದು ತುದಿ ಆಚೆಗೆ ಅಂಟಿಸಿದರು.

"ಗ್ವಾಡಿ ಸುಮ್ಮನ ನಿಂತಿದ್ರ ಗಾಜಿಗೆ ಏನೂ ಆಗಂಗಿಲ್ಲ. ಇದು ಸೀಳಿತಂದ್ರ ಗ್ವಾಡಿ ಇನ್ನಾ ನಡಿಯಾಕತ್ತದ ಅಂತ ತಿಳೀರಿ."

ನಮ್ಮ ಮ್ಯಾನೇಜರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಅಂದು ನಕ್ಕರು. ಹನ್ನೆರಡನೆಯ ದಿನ ನಾನು ಬಂದು ನೋಡಿದರೆ ಗಾಜು ನಟ್ಟನಡುವೆ ಸೀಳಿತ್ತು. ಮ್ಯಾನೇಜರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇದರ ಆಚೆಗೇ ಸ್ಟ್ರಾಂಗ್ ರೂಮ್ ಇರೋದು ಕಣ್ರೀ," ಎಂದರು. ಆಮೇಲೆ ನಗಲಿಲ್ಲ. ಆ ಕೋಣೆಯಲ್ಲಿ ಸುತ್ತಲಿನ ಏಳೆಂಟು ಹಳ್ಳಿಗಳ ಹೆಣ್ಣುಮಕ್ಕಳು ಒತ್ತೆ ಇಟ್ಟ ಬಂಗಾರ ಇತ್ತು. ಕಾಲುವೆ ಬಂದ ಮೇಲೆ ಹೊಲ ಸಮ ಮಾಡಿಸಲು, ಬೀಜ ಗೊಬ್ಬರ ತರಲು, ಕೊರಳಲ್ಲಿದ್ದದ್ದೆಲ್ಲ ಬಂದು ಅಲ್ಲಿ ಕೂತಿತ್ತು.

ಬಾಯಾರನ್ನು ಕರೆಸಿ ಕೇಳಿದರೆ, ಅವರು ಅಂಗಳದ ಮಣ್ಣು ತುಳಿದು ತೋರಿಸಿದರು. "ಇದು ಎರಿ ಭೂಮಿ ಸಾಹೇಬ್ರ. ಮೊದಲ ಮಳಿಗಾಲದಾಗ ಅಷ್ಟ ನೀರು ಕುಡೀತಿತ್ತು. ಈಗ ಕಾಲುವಿ ಬಂದದ, ಯಾವಾಗ ಬೇಕಾದಾಗ ಕುಡೀತದ. ಕುಡಿದಾಗ ಉಬ್ಬತದ, ಒಣಗಿದಾಗ ಕುಗ್ಗತದ. ಮ್ಯಾಲ ನಿಂತ ಗ್ವಾಡಿ ಏನ್ ಮಾಡಬೇಕ್ರಿ ಪಾಪ?"

ಮ್ಯಾನೇಜರು ಆ ಸೀಳಿದ ಗಾಜನ್ನೇ ಕಾಗದದಲ್ಲಿ ಸುತ್ತಿ ಪತ್ರದ ಜೊತೆ ಮುಖ್ಯ ಕಚೇರಿಗೆ ಕಳಿಸಿದರು. ಸ್ವಂತ ಕಟ್ಟಡಕ್ಕೆ ಮಂಜೂರಿ ಬಂತು. ಊರಿನವರು ದೊಡ್ಡ ಬೇವಿನ ಗಿಡವಿದ್ದ ಜಾಗ ಕೊಟ್ಟರು. ಮುಖ್ಯ ಕಚೇರಿಯಿಂದ ನಕ್ಷೆಯೂ ಬಂತು. ಎಲ್ಲ ಊರಿಗೂ ಒಂದೇ ನಕ್ಷೆ: ಮುಂದೆ ದೊಡ್ಡ ಗಾಜು, ಮೇಲೆ ಸಪಾಟು ಸ್ಲ್ಯಾಬು, ಹಿಂದಿನ ಮೂಲೆಯಲ್ಲಿ ಸ್ಟ್ರಾಂಗ್ ರೂಮು, ಬೇವಿನ ಗಿಡ ಇದ್ದಲ್ಲಿ ಸೈಕಲ್ ಸ್ಟ್ಯಾಂಡು.

ಬಾಯಾರು ಅದನ್ನು ಮೇಜಿನ ಮೇಲೆ ಬಿಡಿಸಿ ಬಹಳ ಹೊತ್ತು ನೋಡಿದರು. ಬೆರಳಿನಿಂದ ಗಾಜಿನ ಗೆರೆ ಮುಟ್ಟಿದರು, ಸ್ಟ್ರಾಂಗ್ ರೂಮಿನ ಎರಡು ಹೊರಗೋಡೆ ಮುಟ್ಟಿದರು.

"ಈ ನಕ್ಷಾ ನಮ್ಮೂರು ನೋಡಿಲ್ರಿ ಸಾಹೇಬ್ರ."

"ಹಾಗಾದರೆ ಊರು ನೋಡಿದ ನಕ್ಷೆ ನೀವೇ ಬರೆದುಕೊಡಿ," ಎಂದರು ಮ್ಯಾನೇಜರು. ಅವರು ತಮಾಷೆಗೆ ಅಂದರೋ ಏನೋ. ಬಾಯಾರ ಮುಖ ಮಾತ್ರ ಬದಲಾಯಿತು. "ನಾ ಟ್ರೇಸರ್ ರಿ," ಎಂದರು ಮೆಲ್ಲಗೆ. "ಮಂದಿ ಬರದದ್ದರ ಮ್ಯಾಲ ಬರಿಯಾಕಿ." ನಕ್ಷೆ ಸುತ್ತಿಟ್ಟು ಹೋದರು. ನಾಲ್ಕು ದಿನ ಬಿಟ್ಟು ತಿರುಗಿ ಬಂದಾಗ ಕೈಯಲ್ಲಿ ತಮ್ಮ ಆಫೀಸಿನ ಅನುಮತಿ ಪತ್ರ ಇತ್ತು. ರಜೆಯ ದಿನ ಮಾತ್ರ, ಸಂಭಾವನೆ ತಗೊಳ್ಳಬಾರದು ಎಂಬ ಷರತ್ತು. ಅದನ್ನು ಒಪ್ಪಿ ಕೆಳಗೆ ಬಾಯಾರು ಹಾಕಿದ ಸಹಿ ಎಷ್ಟು ಒತ್ತಿ ಬಿದ್ದಿತ್ತೆಂದರೆ ಹಾಳೆಯ ಹಿಂದೆ ಉಬ್ಬಿತ್ತು.

ಅಲ್ಲಿಂದ ಭಾನುವಾರಗಳು ಶುರುವಾದವು. ಅವರ ಯಜಮಾನರು ಶಾಲೆ ಮಾಸ್ತರು. ಸೈಕಲ್ ಮೇಲೆ ಕರೆತಂದು ಬಿಟ್ಟು ಹೋಗುತ್ತಿದ್ದರು. ಬಾಯಾರು ಮೊದಲ ಮೂರು ವಾರ ಒಂದು ಗೆರೆಯನ್ನೂ ಎಳೆಯಲಿಲ್ಲ. ಕೇಳುತ್ತಾ ಹೋದರು. ನನ್ನನ್ನು ಕೇಳಿದರು: ಬಿಸಿಲು ಎಷ್ಟೊತ್ತಿಗೆ ಬೆನ್ನಿಗೆ ಬರ್ತದ? ಚೌಕಿದಾರನನ್ನು ಕೇಳಿದರು: ನೀ ನಿಂತಲ್ಲಿಂದ ಏನೇನು ಕಾಣಂಗಿಲ್ಲ? "ಏನು ಕಾಣ್ತದ ಅಂತ ಎಲ್ಲರೂ ಕೇಳ್ತಾರ ಬಾಯಾರ, ಕಾಣಂಗಿಲ್ಲ ಏನಂತ ನೀವ ಮೊದಲು ಕೇಳಿದ್ರಿ," ಎಂದ ಅವನು. ಬಯಲು ಜಾಗದ ನಡುವೆ ಊದುಬತ್ತಿ ಹಚ್ಚಿ ನೆಟ್ಟು, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊಗೆ ಯಾವ ಕಡೆ ವಾಲುತ್ತದೆಂದು ಬರೆದುಕೊಂಡರು. ಅದನ್ನು ಕಂಡ ಊರವರು ಬಾಯಾರು ಯಾವುದೋ ಪೂಜೆ ಹಿಡಿದಾರೆ ಅಂದುಕೊಂಡಿದ್ದರು.

ಒಂದು ದಿನ ಒಬ್ಬ ಹೆಣ್ಣುಮಗಳು ಒತ್ತೆ ಇಡಲು ಬಂದು, ಎಲ್ಲರೆದುರು ಕೌಂಟರಿನ ಮೇಲೆ ಕೊರಳಿನ ಸರ ಬಿಚ್ಚಿಟ್ಟಳು. ಸಾಲಿನಲ್ಲಿದ್ದ ಗಂಡಸರು ಕತ್ತು ಚಾಚಿ ನೋಡಿದರು. ಆಕೆ ಸೆರಗಿನಿಂದ ಬರಿಗೊರಳು ಮುಚ್ಚಿಕೊಂಡದ್ದನ್ನು ಬಾಯಾರು ನೋಡಿದರು.

"ಬಂಗಾರಕ್ಕಷ್ಟ ಅಲ್ರಿ ಅಣ್ಣಾರ, ಮಾನಕ್ಕೂ ಭದ್ರ ಜಾಗ ಬೇಕು," ಎಂದರು ನನಗೆ. ಅವರ ನಕ್ಷೆಯಲ್ಲಿ ಮೊದಲು ಮೂಡಿದ ಕೋಣೆ ಅದು, ಹೆಣ್ಣುಮಕ್ಕಳು ಕೂತು ಒಡವೆ ತೂಗಿಸಲು ಪಕ್ಕದ ಸಣ್ಣ ಕೋಣೆ. ಗೋಡೆಗೆ ಕಲ್ಲಿನ ಜಾಲಂಧ್ರ. ಒಳಗಿನವರಿಗೆ ಹೊರಗೆಲ್ಲ ಕಾಣಬೇಕು, ಹೊರಗಿನವರಿಗೆ ಒಳಗೆ ಕಾಣಬಾರದು.

ಉಳಿದದ್ದೆಲ್ಲ ಅದರ ಸುತ್ತ ಬೆಳೆಯಿತು. ಸ್ಟ್ರಾಂಗ್ ರೂಮನ್ನು ಮೂಲೆಯಿಂದ ಎತ್ತಿ ಕಟ್ಟಡದ ನಡುವಿಗೆ ತಂದರು. ಅದರ ನಾಲ್ಕೂ ಸುತ್ತ ಓಡಾಡುವಷ್ಟು ದಾರಿ. ಹೊರಗೋಡೆ ಒಡೆದು ಬಂದವನಿಗೂ ಸಿಗುವುದು ಆ ದಾರಿಯೇ. ಕೋಣೆಗೆ ಗಾಳಿ ಬೇಕಲ್ಲ, ಅದಕ್ಕೆ ಗೋಡೆಯೊಳಗೆ ಮೂರು ಸಲ ತಿರುವಿದ ಕೊಳವೆ. ಗಾಳಿ ಹಾಯುತ್ತದೆ, ಕೋಲು ಹಾಯುವುದಿಲ್ಲ. ಹೊರಗೋಡೆಗಳು ಶಹಾಪುರ ಗುಡ್ಡದ ಕಲ್ಲಿನವು, ಮೊಳಕ್ಕಿಂತ ದಪ್ಪ. ಕಿಟಕಿಗಳು ಎತ್ತರದಲ್ಲಿ, ಹೊರಗೆ ಕಿರಿದು, ಒಳಗೆ ಅಗಲ. ಮಳೆನೀರು ಮಾಳಿಗೆಯಿಂದ ಇಳಿದು ನೆಲದಡಿಯ ತೊಟ್ಟಿಗೆ. ತಳಪಾಯದ ಎರಿಯನ್ನೆಲ್ಲ ಬಗೆದು ತೆಗೆದು, ಗುಡ್ಡದ ಕೆಂಪು ಗರಸು ತುಂಬಿ ದಮ್ಮಸು ಹೊಡೆಸುವುದು. ಅದು ಅವರು ಕಾಲುವೆಯಿಂದ ಕಲಿತ ಪಾಠ. ಎರಿ ಭೂಮಿಯಲ್ಲಿ ಹಾಯುವ ಕಾಲುವೆಯ ಹಾಸುಗಲ್ಲು ಸೀಳಬಾರದೆಂದು ಅಲ್ಲಿ ಮಾಡುತ್ತಿದ್ದದ್ದೂ ಅದನ್ನೇ. ಎಷ್ಟೋ ಸಲ ಆ ನಕ್ಷೆಯ ಮೇಲೆ ಅವರು ಗೆರೆ ತಿದ್ದಿದ್ದರು.

ಮುಖ್ಯ ಕಚೇರಿಯ ಎಂಜಿನಿಯರು ನೋಡಲು ಬಂದರು. ಬಿಗಿ ಮನುಷ್ಯ, ಆದರೆ ಕೆಲಸ ಬಲ್ಲವರು. ತಳಪಾಯ ಒಪ್ಪಿದರು, ಸ್ಟ್ರಾಂಗ್ ರೂಮು ಒಪ್ಪಿದರು. ಬೇವಿನ ಗಿಡಕ್ಕೆ ಬಂದು ತಡೆದರು.

"ಇದನ್ನು ಕಡಿಸಲೇಬೇಕು. ಕಳ್ಳ ಮರ ಹತ್ತಿ ಮಾಳಿಗೆಗೆ ಇಳಿದರೆ?"

"ಇಳಿದು ಏನ್ ಮಾಡ್ತಾನ್ರಿ? ಮಾಳಿಗಿಗೆ ಒಂದ್ ಕಿಂಡಿ ಇಲ್ಲ. ನೆಳ್ಳಾಗ ಕುಂತು ಹೋಗ್ತಾನ," ಎಂದರು ಬಾಯಾರು. ಆಮೇಲೆ ಗಂಭೀರವಾಗಿ, ಕಟ್ಟಡ ಗಿಡದಿಂದ ಎಷ್ಟು ದೂರ ಸರಿಸಿದ್ದಾರೆ, ಯಾವ ಒಂದು ಟೊಂಗೆ ಕಡಿಸಬೇಕು, ಉಳಿದ ನೆರಳಲ್ಲಿ ಎಷ್ಟು ಜನ ಕೂರಬಹುದು ಎಲ್ಲ ತೋರಿಸಿದರು. ಗಿಡ ಉಳಿಯಿತು.

ಮಾಳಿಗೆಗೆ ಬಂದಾಗ ಮಾತ್ರ ಆ ಎಂಜಿನಿಯರು ಹಾಳೆಯಿಂದ ತಲೆಯೆತ್ತಿದರು. ಸ್ಲ್ಯಾಬಿನ ಕಬ್ಬಿಣದ ಸರಳುಗಳ ನಡುವೆ ಮಣ್ಣಿನ ಗಡಿಗೆಗಳನ್ನು ಬೋರಲು ಹಾಕಿ ಅದರ ಮೇಲೆ ಕಾಂಕ್ರೀಟು ಸುರಿಯಬೇಕೆಂದು ಬಾಯಾರು ಬರೆದಿದ್ದರು. ಗಡಿಗೆಯೊಳಗಿನ ಗಾಳಿ ಬಿಸಿಲನ್ನು ತಡೆಯುತ್ತದೆ, ಸಿಮೆಂಟೂ ಕಡಿಮೆ ಹಿಡಿಯುತ್ತದೆ.

"ಗಡಿಗೆ ಇಟ್ಟು ಬ್ಯಾಂಕ್ ಕಟ್ಟೋದಾ? ಬಿದ್ದರೆ?"

"ಬೀಳಂಗಿಲ್ರಿ."

"ಅದನ್ನು ನೀವು ಹೇಳಿದರೆ ಆಗಲಿಲ್ಲಮ್ಮ. ಮಾಳಿಗೆ ಹೇಳಬೇಕು. ಭಾರ ಹಾಕಿ ನೋಡ್ತೇನೆ. ಒಂದು ಕೂದಲೆಳೆ ಬಿರುಕು ಬಿಟ್ಟರೂ ಒಡೆಸಿ ನಮ್ಮ ನಕ್ಷೆಯ ಹಾಗೆ ಕಟ್ಟಿಸ್ತೇನೆ. ಮರವೂ ಹೋಗುತ್ತೆ."

ಸಗರದ ಕುಂಬಾರರು ಗಡಿಗೆ ಸುಟ್ಟುಕೊಟ್ಟರು. ಪ್ರತಿ ಗಡಿಗೆಯನ್ನೂ ಬಾಯಾರು ಬೆರಳ ಗೆಣ್ಣಿನಿಂದ ಬಡಿದು ಸಪ್ಪಳ ಕೇಳಿ ಆರಿಸಿದರು. ಗೌಂಡಿ ಕಾಕಾ ಎಂದು ಎಲ್ಲರೂ ಕರೆಯುತ್ತಿದ್ದ ಮುದುಕ ಮೇಸ್ತ್ರಿ ಮಾಳಿಗೆ ಹಾಕಿದ. ಅದು ಬಲಿತ ಮೇಲೆ ಪರೀಕ್ಷೆಯ ದಿನ ಗೊತ್ತಾಯಿತು. ಜೋಳ ಉಣ್ಣುವ ನಮ್ಮ ನೆಲದಲ್ಲಿ ಕಾಲುವೆಯ ನೀರಿಗೆ ಮೊದಲ ಸಲ ಭತ್ತ ಬೆಳೆದ ವರ್ಷ ಅದು. ರೈತರು ಬಂಡಿ ಕಟ್ಟಿಕೊಂಡು ಭತ್ತದ ಚೀಲ ತಂದರು. ಹಮಾಲರು ಏಣಿ ಹತ್ತಿ ಒಂದೊಂದೇ ಚೀಲ ಮಾಳಿಗೆಯ ಮೇಲೆ ಒಟ್ಟಿದರು.

ಅರ್ಧ ಒಟ್ಟಿರಬೇಕು, ಬಾಯಾರು ಒಳಗಿಂದ ಒಂದು ಸ್ಟೂಲು ತಂದು ಮಾಳಿಗೆಯ ನಟ್ಟನಡುವಿನ ಕೆಳಗೆ ಹಾಕಿ ಕೂತರು.

"ಬಾಯಾರ, ಹೊರಗ ಬರ್ರಿ!" ಎಂದು ನಾನು ಕೂಗಿದೆ.

"ಯಾಕ್ರಿ? ನಾಳಿಗೆ ನೀವು ದಿನಾ ಕುಂದ್ರೋ ಜಾಗಾ ಇದು. ನಾ ಒಂದ್ ದಿನ ಕುಂದ್ರಬಾರದೇನು?"

ಮ್ಯಾನೇಜರು ಬೆವರುತ್ತಿದ್ದರು. ಎಂಜಿನಿಯರು ಗಟ್ಟಿ ದನಿಯಲ್ಲಿ ಎದ್ದು ಬರಲು ಹೇಳಿದರು. ಬಾಯಾರು ಚೀಲದಿಂದ ರೊಟ್ಟಿ ಗಂಟು ತೆಗೆದು, ಶೇಂಗಾ ಹಿಂಡಿ ಹಚ್ಚಿಕೊಂಡು ಊಟಕ್ಕೆ ಶುರು ಮಾಡಿದರು. ನಾನು ಬಾಗಿಲಲ್ಲೇ ನಿಂತು ನೋಡಿದೆ. ರೊಟ್ಟಿ ಪೂರ್ತಿ ತಿಂದರು. ಹೊರಗೆ ನೂರು ಮಂದಿ ಉಸಿರು ಹಿಡಿದು ನಿಂತಿದ್ದರು.

ಮರುದಿನ ಅದೇ ಹೊತ್ತಿನವರೆಗೆ ಚೀಲಗಳು ಮೇಲಿದ್ದವು. ಎಂಜಿನಿಯರು ಗೋಡೆಯಿಂದ ಗೋಡೆಗೆ ಹುರಿ ಬಿಗಿದು, ಸ್ಕೇಲು ಹಿಡಿದು ಮಾಳಿಗೆ ಎಷ್ಟು ತಗ್ಗಿದೆ ಎಂದು ಅಳೆದರು. ಬ್ಯಾಟರಿ ಹಿಡಿದು ಮೂಲೆ ಮೂಲೆ ಬಿರುಕು ಹುಡುಕಿದರು. ಸಿಗಲಿಲ್ಲ. ಪುಸ್ತಕ ಮುಚ್ಚಿ, "ನಾನು ಹೆದರಿದಷ್ಟು ತಗ್ಗಿಲ್ಲಮ್ಮ," ಎಂದರು. ಅವತ್ತು ಅವರ ದನಿಯಲ್ಲಿ ಬಿಗಿ ಇರಲಿಲ್ಲ.

ನಕ್ಷೆಯ ಮೂಲೆಯ ಚೌಕದಲ್ಲಿ ಮಾತ್ರ ಆ ಎಂಜಿನಿಯರ ಹೆಸರೇ ಬಿತ್ತು. ಟ್ರೇಸರ್ ಸಹಿ ಹಾಕಲು ನಿಯಮ ಇರಲಿಲ್ಲ. ಅದು ಅನ್ಯಾಯ ಎಂದು ನಾನು ಸಿಟ್ಟಾದೆ. ಬಾಯಾರು ಹೆಬ್ಬೆರಳಿನ ಶಾಯಿ ತಿಕ್ಕಿದರು. "ನೋವು ಆಗ್ಯಾದ್ರಿ ಅಣ್ಣಾರ, ಸುಳ್ಳು ಯಾಕ ಹೇಳ್ಲಿ. ಆದ್ರ ಹೆಸರಿನ ಸಲುವಾಗಿ ಜಗಳ ಆಡಿದ್ರ ಗಡಿಗಿ ಮಾಳಿಗಿ ಕಾಗದದಾಗ ಉಳೀತಿತ್ತು. ಕಟ್ಟೂದು ಆತಲ್ಲ." ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಇಷ್ಟು ಹೇಳಿದ್ದರಿಂದ ಅವರು ಬರೀ ಮೆತ್ತನೆಯ ಮನುಷ್ಯರು ಎಂದುಕೊಳ್ಳಬೇಡಿ. ನಮ್ಮ ಮನೆಗೆ ಚಹಾಕ್ಕೆ ಬಂದವರು ಅಡುಗೆಮನೆ ಗೋಡೆಗೆ ಕೈ ಹಚ್ಚಿ ನೋಡಿ, "ನಿಮ್ಮ ಮನಿಯಾಕಿ ಹೊಗಿ ಕುಡದು ಕೆಮ್ಮತಾಳ, ನಿಮಗ ಕೇಳಂಗಿಲ್ಲೇನು?" ಎಂದು ನನ್ನ ಮೋರೆಗೇ ಕೇಳಿದ್ದರು. ಮುಂದಿನ ವಾರ ಗೋಡೆಗೆ ಕಿಂಡಿ ಕೊರೆಸಿದೆ. ಬೇರೆ ದಾರಿ ಇರಲಿಲ್ಲ.

ಹೊಸ ಕಟ್ಟಡಕ್ಕೆ ಹೋದ ಮೊದಲ ಬೇಸಿಗೆಯಲ್ಲಿ ನಾವು ಹಗಲಿಡೀ ದೀಪ ಹಚ್ಚಲಿಲ್ಲ, ಎಷ್ಟೋ ದಿನ ಫ್ಯಾನು ತಿರುಗಿಸಲಿಲ್ಲ. ಕಡೇಚೂರಿನ ಕಡೆಯಿಂದ ವರ್ಗವಾಗಿ ಬಂದ ಗುಮಾಸ್ತನೊಬ್ಬ ಮೊದಲ ದಿನ ಒಳಗೆ ಕಾಲಿಟ್ಟು, "ಎಲ್ಲಿ ಇಟ್ಟೀರಿ ಕೂಲರ್?" ಎಂದು ಹುಡುಕಿದ್ದ. ಗಿರಾಕಿಗಳು ಬೇವಿನ ನೆರಳಲ್ಲಿ ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೂತು ಸರದಿ ಕಾಯುತ್ತಿದ್ದರು. ಕೆಲಸ ಇಲ್ಲದವರೂ ಬಂದು ಕೂರುತ್ತಿದ್ದರು.

ಎರಡನೆಯ ವರ್ಷ, ಹಬ್ಬದ ಎರಡು ದಿನ ರಜೆ ಮುಗಿಸಿ ಬೆಳಿಗ್ಗೆ ಬಂದು ಬಾಗಿಲು ತೆಗೆದೆ. ಒಳಗೆ ಎಂದೂ ಇಲ್ಲದ ಬೆಳಕು. ಹಿಂದಿನ ಹೊರಗೋಡೆಯಲ್ಲಿ ಆಳು ತೂರುವಷ್ಟು ರಂಧ್ರ. ಚೌಕಿದಾರ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಅದು ಗೊತ್ತಿದ್ದವರೇ ಬಂದಿರಬೇಕು. ಮ್ಯಾನೇಜರ ಮನೆಗೆ ಓಡಿದೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಪೊಲೀಸರು ಬರುವಷ್ಟರಲ್ಲಿ ಏಳೆಂಟು ಹಳ್ಳಿಯ ಹೆಂಗಸರು ಬೇವಿನ ಗಿಡದ ಕೆಳಗೆ ನೆರೆದಿದ್ದರು. ಕೆಲವರು ಅಳುತ್ತಿದ್ದರು, ಕೆಲವರು ನಮ್ಮನ್ನು ಬೈಯುತ್ತಿದ್ದರು. ಮ್ಯಾನೇಜರು ಪೊಲೀಸ್ ಸಾಹೇಬರ ಜೊತೆ ಒಳಗೆ ಹೋದರು, ನಾನೂ ಹಿಂದೆ. ಸ್ಟ್ರಾಂಗ್ ರೂಮಿನ ಸುತ್ತಲಿನ ದಾರಿಯಲ್ಲಿ ಬೀಡಿ ತುಂಡು, ಕಲ್ಲಿನ ಪುಡಿ. ಆ ಕೋಣೆಯ ಗೋಡೆಯನ್ನು ಗೇಣುದ್ದ ಅಗೆದಿದ್ದರು. ಅಲ್ಲಿ ಕಬ್ಬಿಣದ ಸರಳು ಸಿಕ್ಕಿದೆ. ಎರಡು ಸರಳಿನ ಸಂದಿಗೆ ಹಾರೆ ತೂರಿಸಿದ್ದಾರೆ. ಆ ಸಂದಿಯ ಹಿಂದೆ ಸರಿಯಾಗಿ ಇನ್ನೊಂದು ಸರಳು. ಬಾಯಾರು ಎರಡು ಸಾಲು ಸರಳನ್ನು ಹಾಗೆ ಬರೆದಿದ್ದರು, ಒಂದರ ಸಂದಿಗೆ ಇನ್ನೊಂದು ಅಡ್ಡ. ಬಗ್ಗಿದ ಹಾರೆಯನ್ನು ಅಲ್ಲೇ ಬಿಸುಟು, ಗೋಡೆ ಗಡಿಯಾರ ಒಂದನ್ನು ಕಿತ್ತುಕೊಂಡು ಹೋಗಿದ್ದರು.

ಮ್ಯಾನೇಜರು ಸ್ಟ್ರಾಂಗ್ ರೂಮು ತೆರೆದು, ಹೊರಗಿನ ಹೆಂಗಸರಲ್ಲಿ ಹಿರಿಯರಿಬ್ಬರನ್ನು ಒಳಗೆ ಕರೆದು ತೋರಿಸಿದರು. ಒಬ್ಬ ಮುದುಕಿಯ ಕೂಗು ಹೊರಗಿನವರೆಗೂ ಕೇಳಿತು: "ಅದಾವ ಯವ್ವಾ, ಎಲ್ಲ ಅದಾವ! ನನ್ನ ಬೋರಮಾಳ ಸರಾನೂ ಅದ!"

"ಯಾರ್ರಿ ಇದರ ಎಂಜಿನಿಯರು?" ಎಂದರು ಪೊಲೀಸ್ ಸಾಹೇಬರು.

ಅಷ್ಟೊತ್ತಿಗೆ ಮಾಸ್ತರ ಸೈಕಲ್ಲು ಬಾಯಾರನ್ನು ಹೊತ್ತು ಗಿಡದ ಹತ್ತಿರ ಬಂದು ನಿಂತಿತು. ಮ್ಯಾನೇಜರು ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವಂತೆ, "ಅಗೋ ಬಂದರಲ್ಲ, ಅವರು!" ಎಂದರು. ಗುಂಪು ದಾರಿ ಬಿಟ್ಟಿತು. ದೋರನಹಳ್ಳಿಯಿಂದ ಪಾಸ್‌ಬುಕ್ಕು ಹಿಡಿದು ಓಡಿಬಂದಿದ್ದ ಅವರ ಅವ್ವ ಪಕ್ಕದವಳ ತೋಳು ಹಿಡಿದು ಅಲುಗಿಸಿದಳು: "ನನ್ನ ಮಗಳು! ನನ್ನ ಮಗಳು ಬರದದ್ದು!"

ಬಾಯಾರಿಗೆ ಅದು ಕೇಳಿಸಿತೋ ಇಲ್ಲವೋ. ಸೀದಾ ಹೊರಗೋಡೆಯ ರಂಧ್ರದ ಹತ್ತಿರ ಹೋಗಿ ಮಂಡಿಯೂರಿದರು. ಒಳಗೆ ಕೈ ಹಾಕಿ ಕಲ್ಲಿನ ಅಂಚು ತಡವಿದರು. ಮುಖ ಕಪ್ಪಿಟ್ಟಿತು.

"ಕಾಕಾ, ಇಲ್ಲಿ ಆರ್‌ಪಾರ್ ಕಲ್ಲು ಎಲ್ಲಿ ಅದ?"

ಗೋಡೆಯ ಒಳಮೈಯಿಂದ ಹೊರಮೈವರೆಗೆ ಹಾಯುವ ಉದ್ದ ಕಲ್ಲು ಅದು. ಎರಡೂ ಮೈಯನ್ನು ಹಿಡಿದಿಡುವುದು ಅದೇ. ಗುಂಪಿನಲ್ಲಿದ್ದ ಗೌಂಡಿ ಕಾಕಾ ಮುಂದೆ ಬಂದು ತಲೆ ತಗ್ಗಿಸಿದ. "ಅವತ್ತು ಉದ್ದನ್ ಕಲ್ಲು ಬಂದಿದ್ದಿಲ್ಲ ಬಾಯಾರ. ನೀವೂ ಬಂದಿದ್ದಿಲ್ಲ. ಕೆಲಸ ನಿಂದ್ರಬಾರದಂತ..."

"ನಾ ಬಂದಿದ್ದಿಲ್ಲ. ತಪ್ಪು ನಂದ," ಎಂದರು.

ಎಲ್ಲ ಉಳಿಯಿತಲ್ಲ ಬಾಯಾರೇ, ಸಂತೋಷ ಪಡಿ ಎಂದು ಮ್ಯಾನೇಜರು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೊಲೀಸರು ಪಂಚನಾಮೆ ಬರೆದು ಮುಗಿಸುವವರೆಗೆ ಕಟ್ಟೆಯ ಮೇಲೆ ಕೂತಿದ್ದರು. ಬೋರಮಾಳದ ಮುದುಕಿ ಬಂದು ಅವರ ಗಲ್ಲ ಸವರಿ ಲಟಿಗೆ ಮುರಿದಳು. ಆಗಷ್ಟೇ ಒಂದು ಸಲ ನಕ್ಕರು. ಪೊಲೀಸರು ಹೋದದ್ದೇ ಸೀರೆ ಎತ್ತಿ ಕಟ್ಟಿದರು. ಊರಿನ ನಾಲ್ಕು ಗಂಡಸರು ಬಂಡಿಯಲ್ಲಿ ಎರಡು ಉದ್ದ ಕಲ್ಲು ತಂದರು. ಕಾಕಾ ಗಾರೆ ಕಲಸಿದ. ಕಲ್ಲು ಒಳಗೆ ಸರಿಯುವಾಗ ಬಾಯಾರೂ ಹೆಗಲು ಕೊಟ್ಟು ನೂಕಿದರು, ನಾನೂ ನೂಕಿದೆ. ನನ್ನ ಆಫೀಸು ಅಂಗಿ ಹರಿಯಿತು. ಎರಡನೆಯ ಕಲ್ಲು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಾಗ ಹೊತ್ತು ಇಳಿಯುತ್ತಿತ್ತು. ಹೆಂಗಸರು ಇನ್ನೂ ಮನೆಗೆ ಹೋಗಿರಲಿಲ್ಲ.

ಬಾಯಾರು ಗಾರೆ ಮೆತ್ತಿದ ಅಂಗೈಯಿಂದ ಆ ಕಲ್ಲಿಗೆ ಫಟ್ಟನೆ ಒಂದು ಬಡಿದರು. ನಮ್ಮ ಕಡೆ ತಿರುಗಿದರು.

"ಹೂಂ, ಈಗ ಬರ್ಲಿ," ಎಂದರು.